ಹುಳದ ಮನೆಯ ಮೋಲ್ಡು

ಅಲ್ಲ ಕಂದ, ನೀನು ಕೇಳಿದ್ದು ತನುಜಳ ವಿಷಯ, ನಾನು ಹೇಳುತ್ತಿರುವುದು ರೇಷ್ಮೆ ಹುಳದ ವಿಷಯ ಎಂದು ಮುಖ ಗಂಟು ಹಾಕಿಕೊಳ್ಳಬೇಡ. ಎರಡೂ ಹೋಗಿ ಒಂದೇ ಕಡೆ ಸೇರುತ್ತವೆ. ಆ ಮಣೆ ಇತ್ತ ಎಳೆದುಕೊಂಡು ಕೂತುಕೋ. ಗೋಡೆಗೆ ಒರಗಬೇಡ, ಮೊನ್ನೆ ತಾನೇ ಸುಣ್ಣ ಹೊಡೆಸಿದ್ದು, ಬಟ್ಟೆಗೆಲ್ಲ ಬಳಿದುಕೊಳ್ಳುತ್ತದೆ.

ತನುಜ ಎಂದರೆ ನಮ್ಮ ಗಂಗುಲಪ್ಪನ ಮಗಳು. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಹಿಪ್ಪುನೇರಳೆ ತೋಟಗಳ ಮಧ್ಯೆ ನಡೆದು ಬಂದರೆ ಮೊದಲು ಸಿಗುವುದೇ ಅವರ ಮನೆ. ನಾನು ಹೇಳುತ್ತಿರುವುದು ಎರಡು ಸಾವಿರದ ಏಳನೇ ಇಸವಿಯ ಮಾತು. ಆಗ ಅವಳು ಚಿಕ್ಕಬಳ್ಳಾಪುರದ ಆಚೆ ಒಂದು ಕಾಲೇಜಿನಲ್ಲಿ ಎಂ.ಟೆಕ್ ಓದುತ್ತಿದ್ದಳು. ಕಾಂಕ್ರೀಟು ಹೇಗೆ ಬಿರಿಯುತ್ತದೆ, ಎಲ್ಲಿಂದ ಬಿರಿಯುತ್ತದೆ, ಎಷ್ಟು ಬಿರಿದರೆ ಕೈಬಿಡುತ್ತದೆ ಎಂದು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಓದು ಅದು. ಊರಿನವರು ಸುಮ್ಮನಿರುತ್ತಾರೆಯೇ? ಗಾರೆ ಕೆಲಸದ ನಲ್ಲಪ್ಪನಂತೂ ಅವಳನ್ನು ಕಂಡಾಗಲೆಲ್ಲ ಕೆಣಕುತ್ತಿದ್ದ.

"ಏನಮ್ಮ ತನುಜಮ್ಮ, ಎಲ್ರೂ ಮನೆ ಕಟ್ಟೋದು ಕಲಿಯಕ್ಕೆ ಕಾಲೇಜಿಗೆ ಹೋಗ್ತಾರೆ, ನೀನು ಬೀಳಿಸೋದು ಕಲಿಯಕ್ಕೆ ಹೋಗ್ತೀಯಂತೆ?"

"ನೀನು ಕಟ್ಟಿರೋದೆಲ್ಲ ನಿಲ್ಲುತ್ತಾ ಅಂತ ನೋಡಕ್ಕೆ ಒಬ್ರು ಬೇಕಲ್ಲ ನಲ್ಲಪ್ಪಣ್ಣ," ಎನ್ನುತ್ತಿದ್ದಳು ಅವಳು. ಬಾಯಿ ಅವರಮ್ಮ ಅನಸೂಯಮ್ಮನದು, ಹಟ ಅವರಪ್ಪನದು.

ಆ ಅಪ್ಪನ ಹಟವನ್ನು ಸ್ವಲ್ಪ ಹೇಳಲೇಬೇಕು. ಊರಿನಲ್ಲಿ ಎಲ್ಲರೂ ಹೆಂಚಿನ ಮನೆಯಲ್ಲಿ, ತಾವು ಮಲಗುವ ನಡುಮನೆಯಲ್ಲೇ ಹುಳ ಮೇಯಿಸುತ್ತಿದ್ದ ಕಾಲದಲ್ಲಿ ಗಂಗುಲಪ್ಪ ಹುಳಕ್ಕೆಂದೇ ಬೇರೆ ಮನೆ ಕಟ್ಟಿಸಿದ. ಅದಕ್ಕೆ ಮೇಲೆ ಕಬ್ಬಿಣ ಕಟ್ಟಿ ಕಾಂಕ್ರೀಟು ಸುರಿದ ಚಾವಣಿ. ನಮ್ಮ ಕಡೆ ಅದನ್ನೇ ಮೋಲ್ಡು ಎನ್ನುವುದು. ಹುಳದ ಮನೆಗೆ ಮೋಲ್ಡು! ಹುಚ್ಚು ಹಿಡಿದಿದೆ ಎಂದರು ಜನ. ಮುಂದೆ ಅವನ ರೇಷ್ಮೆ ಗೂಡನ್ನು ನೋಡಿ ಬಾಯಿ ಮುಚ್ಚಿಕೊಂಡರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅವನು ಗೂಡು ಸುರಿದ ಜಾಲರಿಗೆ, ನೂಲು ತೆಗೆಯುವ ರೀಲರುಗಳು ಮುಗಿಬೀಳುತ್ತಿದ್ದರು. ಯಾಕೆಂದರೆ ಅವನ ಹುಳಕ್ಕೆ ರೋಗವೇ ಬರುತ್ತಿರಲಿಲ್ಲ. ಅಷ್ಟು ಶುಚಿ. ಹುಳವೆಲ್ಲ ಗೂಡು ಕಟ್ಟಿ ಒಂದು ಬೆಳೆ ಮುಗಿದೊಡನೆ ಬ್ಲೀಚಿಂಗ್ ಪುಡಿ ಕದಡಿ ನೆಲ, ಗೋಡೆ, ಸೂರು ಎಲ್ಲವೂ ತೊಟ್ಟಿಕ್ಕುವ ಹಾಗೆ ಸಿಂಪಡಿಸಬೇಕು, ಒಣಗಿದ ಮೇಲೆ ಸುಣ್ಣ ಬಳಿಯಬೇಕು. ಇದನ್ನು ಎಲ್ಲರೂ ಮಾಡುತ್ತಾರೆ. ಗಂಗುಲಪ್ಪ ಮಾತ್ರ ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ ಪುಡಿ ಹಾಕುವವನು. ಅವನ ಪಕ್ಕ ಬಸ್ಸಿನಲ್ಲಿ ಕೂತರೆ ಆ ಘಾಟು ಮೂಗಿಗೆ ಅಡರುತ್ತಿತ್ತು. ಅನಸೂಯಮ್ಮ ಮದುವೆಯಾದ ಹೊಸದರಲ್ಲಿ ಸೀನಿ ಸೀನಿ ತವರಿಗೆ ಹೋಗಿದ್ದಳಂತೆ. ಇರಲಿ, ಅದು ಬೇರೆ ಕಥೆ.

ಆ ವರ್ಷ ತನುಜಳ ಅಣ್ಣ ಮಧುಸೂದನನಿಗೆ ಮದುವೆ ಗೊತ್ತಾಯಿತು. ಹುಡುಗಿ ಮಾಲಾ, ಕೈವಾರದ ಕಡೆಯವಳು. ಮದುವೆ ಅವರೂರಲ್ಲಿ, ಬೀಗರ ಊಟ ನಮ್ಮೂರಲ್ಲಿ. ಹೆಣ್ಣಿನ ಕಡೆಯವರನ್ನೆಲ್ಲ ಕರೆದು ಗಂಡಿನ ಮನೆಯವರು ಹಾಕುವ ಬಾಡೂಟವೆಂದರೆ ಸಾಮಾನ್ಯವೇ! ಎಲೆಗೆ ಏನು ಬಿತ್ತು ಎನ್ನುವುದನ್ನು ಮೊಮ್ಮಕ್ಕಳ ಕಾಲದವರೆಗೆ ಆಡಿಕೊಳ್ಳುತ್ತಾರೆ. ಗಂಗುಲಪ್ಪ ಅಂದೇ ತೀರ್ಮಾನಿಸಿಬಿಟ್ಟ.

"ಊಟ ಮೋಲ್ಡಿನ ಮೇಲೆ. ಶಾಮಿಯಾನ ಹಾಕಿ ಪಂಕ್ತಿ ಕೂರಿಸಣ. ಬೀಗರು ನೋಡ್ಲಿ, ಹುಳದಿಂದ ಏನು ಕಟ್ಟಿದೀನಿ ಅಂತ."

ತನುಜ ಆ ದಿನ ಹುಳದ ಮನೆಯೊಳಗೆ ಹೋಗಿ ಕತ್ತೆತ್ತಿ ನೋಡಿದಳು. ಸೂರಿನಲ್ಲಿ ಬಿರುಕುಗಳಿದ್ದವು. ಮೊದಲೂ ಇದ್ದವು. ಆದರೆ ಪ್ರತಿ ಬೆಳೆಗೂ ಸುಣ್ಣ ಬೀಳುತ್ತಿದ್ದುದರಿಂದ ಯಾರ ಕಣ್ಣಿಗೂ ಹೆಚ್ಚು ಬೀಳುತ್ತಿರಲಿಲ್ಲ. ಈಗ ಸುಣ್ಣವನ್ನೂ ಸೀಳಿಕೊಂಡು ಬಂದಿದ್ದವು.

"ಅಪ್ಪ, ಇದರ ಮೇಲೆ ಜನ ಕೂರಿಸೋದು ಬೇಡ. ಮೊದಲು ನಾನೊಂದು ಸಲ ಲೆಕ್ಕ ಹಾಕಿ ನೋಡ್ತೀನಿ."

ನಲ್ಲಪ್ಪ ಅಲ್ಲೇ ಇದ್ದ. ಆ ಮೋಲ್ಡು ಹಾಕಿದವನೇ ಅವನು. ಬೆರಳಿನಿಂದ ಬಿರುಕನ್ನು ಸವರಿ, "ಅದೇಂ ಕಾದಮ್ಮ, ಇದು ಏನೂ ಅಲ್ಲ. ಗಾರೆ ಬಿಟ್ಕೊಂಡೈತೆ. ಒಂದು ಕೈ ಮೆತ್ತಿದ್ರೆ ಹೊಸದಾಗೋಗುತ್ತೆ," ಎಂದ. ಗಂಗುಲಪ್ಪನಿಗೆ ಬೇಕಾಗಿದ್ದೂ ಅಷ್ಟೇ.

ತನುಜ ವಾದ ಮಾಡಲಿಲ್ಲ. ಬಿದಿರ ಕೋಲಿಗೆ ಬಣ್ಣದ ಸೀಮೆಸುಣ್ಣ ಕಟ್ಟಿಕೊಂಡು ಒಂದೊಂದೇ ಬಿರುಕಿನ ಮೇಲೆ ಗೆರೆ ಎಳೆದಳು. ಅದನ್ನೆಲ್ಲ ಫೋಟೋ ತೆಗೆದುಕೊಂಡು, ಕತ್ತು ನೋವಿಗೆ ಅಮ್ಮನಿಂದ ಎಣ್ಣೆ ಹಚ್ಚಿಸಿಕೊಂಡು ಬಸ್ಸು ಹತ್ತಿದಳು. ಕಾಲೇಜಿನ ಪ್ರಾಜೆಕ್ಟಿಗೆ ಅವಳು ಬೇರೆ ಯಾವುದೋ ಸೇತುವೆ ಆರಿಸಿಕೊಂಡಿದ್ದಳು. ಅದನ್ನು ಬದಿಗಿಟ್ಟು, ತನ್ನ ಮನೆಯ ಹುಳದ ಮನೆಯನ್ನೇ ಕಂಪ್ಯೂಟರಿಗೆ ಏರಿಸಲು ಕೂತಳು.

ಅದು ಹೇಗೆ ಎಂದು ನಾನೂ ಕೇಳಿದ್ದೆ. ಅವಳು ನನಗೆ ತಿಳಿಯುವ ಹಾಗೆ ಹೇಳಿದಳು, ನಿನಗೂ ಹಾಗೇ ಹೇಳುತ್ತೇನೆ. ಇಡೀ ಚಾವಣಿಯನ್ನು ಕಂಪ್ಯೂಟರಿನೊಳಗೆ ಬರ್ಫಿ ಕೊಯ್ದ ಹಾಗೆ ಸಣ್ಣ ಸಣ್ಣ ತುಂಡು ಮಾಡುವುದು. ಪ್ರತಿ ತುಂಡಿಗೂ ಒಂದು ಗುರುತು. ಸೊನ್ನೆ ಎಂದರೆ ಗಟ್ಟಿಯಾಗಿದೆ, ಒಂದು ಎಂದರೆ ಅದರ ಕಥೆ ಮುಗಿದಿದೆ. ಮೇಲಿನಿಂದ ಭಾರ ಹೇರುತ್ತಾ ಹೋದರೆ ಯಾವುದೋ ಒಂದು ತುಂಡು ಸೋಲುತ್ತದೆ. ಸೋತ ತುಂಡು ತನ್ನ ಭಾರವನ್ನು ಪಕ್ಕದ ತುಂಡಿಗೆ ದಾಟಿಸುತ್ತದೆ, ಅದು ಸೋತರೆ ಅದರ ಪಕ್ಕಕ್ಕೆ. ಹುಳ ಮೇಯಿಸುವ ತಟ್ಟೆಯಲ್ಲಿ ಒಂದಕ್ಕೆ ಸಪ್ಪೆರೋಗ ಬಂದರೆ ಪಕ್ಕದ್ದಕ್ಕೆ ಹರಡುತ್ತದಲ್ಲ, ಅದೇ ರೀತಿ. ಹೀಗೆ ಸೋತ ತುಂಡುಗಳ ಸಾಲೇ ಬಿರುಕು.

ಹೇಳಲು ಸುಲಭ. ಲ್ಯಾಬಿನಲ್ಲಿದ್ದವು ಹಳೆಯ ಕಂಪ್ಯೂಟರುಗಳು. ಬೆಳಿಗ್ಗೆ ಓಡಿಸಿದರೆ ಮಧ್ಯಾಹ್ನದವರೆಗೆ ಗೊರಗೊರ ಎನ್ನುತ್ತಾ ಎಣಿಸುತ್ತಿರುತ್ತಿದ್ದವು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಯುಪಿಎಸ್ಸು ಕುಯ್ ಕುಯ್ ಎಂದು ಅತ್ತು ಸತ್ತರೆ ಅಷ್ಟೂ ಕೆಲಸ ನೀರುಪಾಲು. ಅವಳ ಜೊತೆಯವರು ಬೇಸತ್ತು ಕ್ಯಾಂಟೀನಿಗೆ ಹೋಗುತ್ತಿದ್ದರು. ಇವಳು ಕರೆಂಟು ಬರುವವರೆಗೆ ಅಲ್ಲೇ ಕೂತಿದ್ದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಕೊನೆಗೆ ಎಣಿಕೆಯ ಮಧ್ಯೆ ಮಧ್ಯೆ ಉಳಿಸಿಕೊಳ್ಳುವ ಹಾಗೆ ಪ್ರೋಗ್ರಾಮನ್ನೇ ತಿದ್ದಿದಳು.

ಉತ್ತರ ಬಂತು. ಅಪ್ಪನ ಪರವಾಗಿ ಬಂತು! ಪಂಕ್ತಿಯೂಟದ ಭಾರವನ್ನು ಚಾವಣಿ ಸಲೀಸಾಗಿ ಹೊರುತ್ತದೆ, ಒಂದೆರಡು ಕೂದಲೆಳೆಯ ಬಿರುಕು ಮಾತ್ರ ಬರುತ್ತದೆ ಎಂದಿತು ಕಂಪ್ಯೂಟರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ತನುಜ ತೆರೆಯ ಮೇಲಿನ ಚಿತ್ರದ ಪಕ್ಕದಲ್ಲಿ ಮನೆಯ ಸೂರಿನ ಫೋಟೋ ಹಿಡಿದಳು. ಎರಡಕ್ಕೂ ಸಂಬಂಧವೇ ಇರಲಿಲ್ಲ. ಕಂಪ್ಯೂಟರಿನ ಬಿರುಕುಗಳು ಅಂಚೆ ಲಕೋಟೆಯ ಬೆನ್ನಿನ ಹಾಗೆ ಮೂಲೆಯಿಂದ ಓರೆಯಾಗಿ ನಡುವಿಗೆ ಹೋಗಿದ್ದವು. ಮನೆಯ ಬಿರುಕುಗಳು ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ, ಒಂದರ ಪಕ್ಕ ಒಂದು, ಸಾಲಾಗಿ ಓಡಿದ್ದವು.

ಅವಳ ಗೈಡು ಹರಿಕೃಷ್ಣ ಎಂಬ ಮೇಷ್ಟರು. ಮಾತು ಕಡಿಮೆ, ಒಳ್ಳೆಯ ಮನುಷ್ಯ. ಎರಡನ್ನೂ ತುಂಬಾ ಹೊತ್ತು ನೋಡಿದರು.

"ನೆಟ್ಟಗಿರೋ ಗೆರೆ ಕೆಳಗೆ ಏನಿರುತ್ತೆ ತನುಜ?"

"ಕಬ್ಬಿಣ ಸರ್. ಕಂಬಿ ಹೋಗಿರೋ ದಾರಿಯಲ್ಲೇ ಬಿರಿದಿದೆ."

"ಹಾಗಾದ್ರೆ ಇದು ಮೇಲಿನ ಭಾರಕ್ಕೆ ಬಂದಿದ್ದಲ್ಲ, ಒಳಗಿಂದ ಬಂದಿದ್ದು. ತುಕ್ಕು. ಕಬ್ಬಿಣ ತುಕ್ಕು ಹಿಡಿದ್ರೆ ಊದ್ಕೊಂಡು ಕಾಂಕ್ರೀಟನ್ನ ಒಡೆಯುತ್ತೆ. ಆದ್ರೆ ಇಷ್ಟು ಬೇಗ ಯಾಕೆ ಹಿಡೀತು? ನಿಮ್ಮೂರಲ್ಲಿ ಸಮುದ್ರ ಇದೆಯೇನಮ್ಮ?"

"ಕೆರೇನೇ ತುಂಬಲ್ಲ ಸರ್, ಸಮುದ್ರ ಎಲ್ಲಿಂದ ಬರ್ಬೇಕು."

"ಹಾಗಾದ್ರೆ ಕಂಪ್ಯೂಟರಿಗೆ ನೀವು ಏನೋ ಒಂದನ್ನ ಹೇಳಿಲ್ಲ. ಹೋಗಿ ಹುಡುಕಿ."

ಬೀಗರ ಊಟದ ಕರೆಯೋಲೆ ಅಚ್ಚಿಗೆ ಹೋಗಿತ್ತು. ಶಾಮಿಯಾನದವನು ಬಂದು ಮೋಲ್ಡಿನ ಮೇಲೆ ಅಳತೆಯನ್ನೂ ತೆಗೆದುಕೊಂಡು ಹೋಗಿದ್ದ. ತನುಜ ಊರಿಗೆ ಬಂದಾಗ ಬೆಳೆ ಮುಗಿದು ಹುಳದ ಮನೆ ತೊಳೆಯುವ ದಿನ. ಅನಸೂಯಮ್ಮ ಮಗಳ ಮುಖ ನೋಡಿದವಳೇ, "ಏನೇ ಇದು, ಕಡ್ಡಿ ಆಗೋಗಿದೀಯ, ಆ ಕಂಪ್ಯೂಟರ್ ನಿನ್ನನ್ನೇ ತಿಂತಾ ಐತೇನೆ?" ಎಂದು ಬೈದು, ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ, ಕೈಗೊಂದು ಬಕೆಟ್ಟು ಕೊಟ್ಟಳು. ತಾಯಿ ಪಂಪು ಒತ್ತುವುದು, ಮಗಳು ಸೂರಿಗೆ ಸಿಂಪಡಿಸುವುದು. ಮೇಲಿನಿಂದ ಬ್ಲೀಚಿಂಗ್ ನೀರು ಹನಿಹನಿಯಾಗಿ ಅವಳ ಕೈಮೇಲೆ ಬಿತ್ತು. ಉಪ್ಪುಪ್ಪು ಘಾಟು. ಅವಳ ಕೈ ಅಲ್ಲೇ ನಿಂತುಹೋಯಿತು.

"ಅಮ್ಮಾ, ಸಮುದ್ರ ಸಿಕ್ತು."

"ಏನು ಬಡಬಡಿಸ್ತೀಯ, ಘಾಟು ತಲೆಗೇರ್ತೇನೋ. ಹೊರಗೆ ಹೋಗಿ ನಿಂತ್ಕೊ."

ಕಬ್ಬಿಣಕ್ಕೆ ಸಮುದ್ರದ ಉಪ್ಪು ಮಾಡುವುದನ್ನೇ ಬ್ಲೀಚಿಂಗೂ ಮಾಡುತ್ತದಂತೆ. ಎರಡರಲ್ಲೂ ಇರುವ ಕ್ಲೋರೈಡು ಕಾಂಕ್ರೀಟಿನೊಳಗೆ ಇಳಿದು ಕಂಬಿಯನ್ನು ಮುಟ್ಟಿದರೆ ತುಕ್ಕು ಶುರು. ಇದನ್ನು ಅವಳು ಪುಸ್ತಕದಲ್ಲಿ ಓದಿದ್ದಳು. ಆದರೆ ಅಪ್ಪನ ಮೈಯಿಂದ ಬರುವ ವಾಸನೆಗೂ ಆ ಪಾಠಕ್ಕೂ ಗಂಟು ಹಾಕಿರಲಿಲ್ಲ. ಬೆಳೆ ಬೆಳೆಗೂ ಸೂರಿಗೆ ಸಿಂಪಡಿಸಿದ ಬ್ಲೀಚಿಂಗನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಳು. ಈ ಸಲ ಗೆರೆಗಳು ನೆಟ್ಟಗೆ ಬಂದವು. ಆದರೂ ಅವಳಿಗೆ ಸಮಾಧಾನವಿಲ್ಲ. ಹುಳದ ಮನೆಯ ಹೊರಗೆ, ಕಿಟಕಿಯ ಮೇಲಿನ ಸಜ್ಜಾ ಕೂಡ ಹಾಗೇ ಬಿರಿದಿತ್ತು. ಅಲ್ಲಿಗೆ ಯಾರೂ ಯಾವತ್ತೂ ಬ್ಲೀಚಿಂಗ್ ಹೊಡೆದವರಲ್ಲ. ಕಂಪ್ಯೂಟರು ಸಜ್ಜಾ ಚೆನ್ನಾಗಿದೆ ಎನ್ನುತ್ತಿತ್ತು. ಹತ್ತಿರ ಹತ್ತಿರ ಬಂತಲ್ಲ ಸಾಕು ಎಂದು ಜೊತೆಯವರು ಎಂದರೆ, "ಸಜ್ಜಾ ಒಪ್ಪೋವರೆಗೂ ನಾನು ಒಪ್ಪಲ್ಲ," ಎಂದಳು.

ಮುಂದಿನ ವಾರ ಊರಿಗೆ ಬಂದು ಸಜ್ಜಾದ ಕೆಳಗೆ ನಿಂತು ಅದನ್ನೇ ನೋಡುತ್ತಿದ್ದಾಗ ಅನಸೂಯಮ್ಮ ಹುರುಳಿ ಆರಿಸುತ್ತಾ ಜಗಲಿಯಲ್ಲಿ ಕೂತಿದ್ದಳು.

"ಅದನ್ನೇನು ದೇವರ ಹಂಗೆ ನೋಡ್ತಿದೀಯೆ?"

"ಇಲ್ಲಿಗೂ ಬ್ಲೀಚಿಂಗ್ ಹೆಂಗೆ ಬಂತು ಅಂತ ಅಮ್ಮ."

"ಇಲ್ಲಿಗೇನು, ಎಲ್ಲಾ ಕಡೆಗೂ ಐತೆ. ಮೋಲ್ಡ್ ಹಾಕೋ ದಿನಾನೇ ನಿಮ್ಮಪ್ಪ ನೀರಿನ ಡ್ರಮ್ಮಿಗೆ ಬ್ಲೀಚಿಂಗ್ ಸುರಿದ್ರಲ್ಲ! ಹುಳದ ಮನೆ ಹುಟ್ಟುತ್ತಲೇ ಶುಚಿಯಾಗಿರ್ಬೇಕು, ಗೋಡೆ ಸಂದಿಯಿಂದಲೂ ರೋಗ ಬರ್ಬಾರ್ದು ಅಂತ. ನಲ್ಲಪ್ಪ ಕೆಮ್ಮಿ ಕೆಮ್ಮಿ ಮುಖಕ್ಕೆ ಟವಲ್ ಸುತ್ಕೊಂಡು ಕಾಂಕ್ರೀಟ್ ಕಲಸ್ದ."

ನೋಡು ಕಂದ, ಇಂಥ ತಪ್ಪನ್ನು ಹುಳ ಸಾಕುವವನಲ್ಲದೆ ಬೇರೆ ಯಾರು ಮಾಡಿಯಾರು? ಹುಳದ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಮನೆ ಕಟ್ಟಿದ ದಿನವೇ ಅದರ ಹೊಟ್ಟೆಯೊಳಗೆ ವಿಷ ಕೂತಿತ್ತು.

ತನುಜ ಅದನ್ನೂ ಕಂಪ್ಯೂಟರಿಗೆ ಹೇಳಿದಳು. ಈಗ ಸೂರು ಒಪ್ಪಿತು, ಸಜ್ಜಾನೂ ಒಪ್ಪಿತು. ಬಿರುಕಿಗೆ ಬಿರುಕು ಹೊಂದಿತು. ಆಮೇಲೆ ಆ ತುಕ್ಕು ತಿಂದ ಚಾವಣಿಯ ಮೇಲೆ ಶಾಮಿಯಾನ, ನೀರಿನ ಡ್ರಮ್ಮು, ಅನ್ನದ ಕೊಪ್ಪರಿಗೆ, ಸಾಲಾಗಿ ಕೂತ ಜನ ಎಲ್ಲವನ್ನೂ ಹೇರಿದಳು. ಮೊದಲ ಪಂಕ್ತಿಗೇ ನಡುವಿನ ತುಂಡುಗಳು ಒಂದೊಂದಾಗಿ ಸೋತು ತೆರೆಯ ಮೇಲೆ ಕೆಂಪಾಗುತ್ತಾ ಹೋದವು. ಎರಡನೇ ಪಂಕ್ತಿಯವರು ಎದ್ದು ನಿಲ್ಲುವಷ್ಟರಲ್ಲಿ ಕೆಂಪು ಗೋಡೆಯಿಂದ ಗೋಡೆಗೆ ಮುಟ್ಟಿತ್ತು. ಹರಿಕೃಷ್ಣ ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡು, "ಪ್ರಾಜೆಕ್ಟ್ ಆಮೇಲೆ ಬರೆಯಿರಿ. ಮೊದಲು ಊರಿಗೆ ಹೋಗಿ," ಎಂದರಂತೆ.

ಅವಳು ಬಂದಾಗ ಜಗಲಿಯಲ್ಲಿ ನಲ್ಲಪ್ಪನೂ ಸೇರಿ ಎಲ್ಲರೂ ಇದ್ದರು. ಬೀಗರ ಊಟಕ್ಕೆ ಇನ್ನೇನು ಒಂದು ವಾರ. ತನುಜ ಕಾಲೂ ತೊಳೆಯದೆ ವಿಷಯ ಹೇಳಿದಳು. ಮಧುಸೂದನನ ಮುಖ ಸಣ್ಣದಾಯಿತು.

"ಲೇ, ಮಾಲಾ ಮನೆಯವರಿಗೆಲ್ಲ ಮೋಲ್ಡ್ ಮೇಲೆ ಊಟ ಅಂತ ಹೇಳಾಗಿದೆ ಕಣೇ. ಈಗ ಬೀಳುತ್ತೆ ಅಂತ ಹೇಳಕ್ಕಾಗುತ್ತಾ? ಗಂಡಿನ ಮನೆ ಬೀಳೋ ಹಂಗೈತೆ ಅಂದ್ಕೊಳಲ್ವಾ?"

"ಅಂದ್ಕೊಳ್ಳಲಿ ಅಣ್ಣ. ಅಂದ್ಕೊಳಕ್ಕೆ ಜನ ಇರ್ಬೇಕಲ್ಲ."

ಬ್ಲೀಚಿಂಗಿನ ಮಾತು ಗಂಗುಲಪ್ಪನಿಗೆ ಚುಚ್ಚಿತ್ತು. "ನಾನು ಶುಚಿ ಮಾಡಿದ್ದೇ ತಪ್ಪು ಅಂತೀಯೇನಮ್ಮ? ಆ ಶುಚೀಲೇ ನೀನು ಓದಿದ್ದು," ಎಂದ. ಅನಸೂಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಸಿಂಪಡಿಸಿದ್ದು ಸರಿ ಅಪ್ಪ, ಅದಿಲ್ಲದೆ ಹುಳ ಉಳೀತಿರ್ಲಿಲ್ಲ. ಕಾಂಕ್ರೀಟಿಗೆ ಕಲಸಿದ್ದು ತಪ್ಪು. ನಿನಗೆ ಗೊತ್ತಿರ್ಲಿಲ್ಲ."

"ಆ ಡಬ್ಬದೊಳಗಿನ ಬಣ್ಣ ನೋಡಿ ಹೇಳ್ತೀಯ. ಇಷ್ಟು ವರ್ಷ ನಿಂತೈತೆ. ಒಂದು ಊಟಕ್ಕೆ ನಿಲ್ಲಲ್ವಾ?"

ಆಗ ತನುಜ ಅಪ್ಪನ ಎದುರಿಗೆ ಕೂತಳು. "ಅಪ್ಪ, ನೀನು ತಟ್ಟೇಲಿ ಒಂದು ಹುಳ ತಲೆ ಎತ್ತಿರೋ ರೀತಿ ನೋಡೇ ರೋಗ ಅಂತ ಇಡೀ ತಟ್ಟೇನ ಗುಂಡಿಗೆ ಹಾಕ್ತೀಯ. ಮಿಕ್ಕಿದ ಹುಳ ಎಲ್ಲಾ ಸೊಪ್ಪು ತಿಂತಾ ಚೆನ್ನಾಗೇ ಇರ್ತವೆ. ಒಂದ್ಸಲ ಅಮ್ಮ ಅತ್ರೂ ಹಾಕಿಬಿಟ್ಟೆ. ಅವು ಸಾಯೋವರೆಗೂ ಯಾಕೆ ಕಾಯಲ್ಲ ನೀನು?"

"ಕಾದ್ರೆ ಮನೆಯೆಲ್ಲ ಹೋಗುತ್ತೆ."

"ನಾನೂ ಅಷ್ಟೇ ಹೇಳ್ತಿರೋದು."

ಗಂಗುಲಪ್ಪ ಎದ್ದ. ಹಾರೆ ತೆಗೆದುಕೊಂಡು ಹುಳದ ಮನೆಯೊಳಗೆ ಹೋದ. ಎಲ್ಲರೂ ಹಿಂದೆ ಹೋದರು. ಮೇಜಿನ ಮೇಲೆ ಹತ್ತಿ ಸೂರಿನ ಒಂದು ಬಿರುಕಿನ ಪಕ್ಕ ತಾನೇ ಕುಟ್ಟಿದ. ಖಾಲಿ ಡಬ್ಬದ ಸದ್ದು. ಇನ್ನೊಮ್ಮೆ ಕುಟ್ಟಿದ. ಹಲಗೆಯಷ್ಟು ಅಗಲದ ಚಕ್ಕೆ ಕಳಚಿಕೊಂಡು ನೆಲಕ್ಕೆ ಬಿತ್ತು. ಒಳಗೆ ಕಂಬಿ ಇರಬೇಕಾದ ಜಾಗದಲ್ಲಿ ಸೊಪ್ಪು ಕೊಯ್ದುಕೊಂಡ ಕಡ್ಡಿಯಷ್ಟು ಸಣ್ಣಗೆ ಏನೋ ಉಳಿದಿತ್ತು, ಮುಟ್ಟಿದರೆ ಕೆಂಪು ಪುಡಿ. ನಲ್ಲಪ್ಪ ತನ್ನ ಕೈ ನೋಡಿಕೊಂಡ. "ನಾನೇ ಕಲಸಿದ್ದು ಕಣಣ್ಣ," ಎಂದ. ಗಂಗುಲಪ್ಪ ಮೇಜಿನಿಂದ ಇಳಿದು, ತೋಟದ ಕಡೆ ಹೋದ. ಯಾರೂ ಅವನ ಹಿಂದೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಬೋರ್‌ವೆಲ್ ಪಕ್ಕದ ಹಿಪ್ಪುನೇರಳೆ ಕಟಾವು ಮಾಡಿಸಲು ನಿಂತಿದ್ದ. ಇನ್ನೇನು ಹುಳಕ್ಕೆ ಕೊಡುವ ಹದಕ್ಕೆ ಬಂದಿದ್ದ ಸೊಪ್ಪು. ಬೇರೆಯವರ ಹುಳಕ್ಕೆ ಅದನ್ನು ಕೊಟ್ಟು, ನೆಲ ಸಮ ಮಾಡಿಸಿ, "ಊಟ ಇಲ್ಲೇ," ಎಂದ. ಆ ಬೆಳೆಗೆ ಅವರ ಮನೆಯಲ್ಲಿ ಹುಳ ಇಡಲಿಲ್ಲ.

ಬೀಗರ ಊಟದ ದಿನ ತನುಜ ಮೋಲ್ಡಿಗೆ ಹತ್ತುವ ಮೆಟ್ಟಿಲಿಗೆ ಅಡ್ಡ ಹಗ್ಗ ಬಿಗಿದು, ರೇಷ್ಮೆ ಸೀರೆ ಉಟ್ಟುಕೊಂಡೇ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೈವಾರದ ಕಡೆಯ ಹಿರಿಯರೊಬ್ಬರು, ಮುನಿನಾರಾಯಣಪ್ಪ ಎಂದು, ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಬಂದರು.

"ಏನಮ್ಮ, ಊಟಾನೂ ತೋಟದಲ್ಲಿ ಹಾಕಿದ್ರಿ, ಮಾಳಿಗೆ ಹತ್ತಿ ಗಾಳಿ ತಗೊಳ್ಳೋಕೂ ಬಿಡಲ್ವೇನು? ಅಂಥಾದ್ದೇನಿಟ್ಟಿದೀರ ಮೇಲೆ?"

"ಏನೂ ಇಟ್ಟಿಲ್ಲ ತಾತ. ನಿಮ್ಮನ್ನೂ ಇಡಲ್ಲ."

"ನಾನೊಬ್ಬ ಹತ್ತಿದ್ರೆ ಏನಾಗುತ್ತೆ?"

"ನಿಮ್ಮ ಹಿಂದೆ ಎಲ್ಲಾ ಹತ್ತುತಾರೆ. ಕೂತ್ಕೊಳ್ಳಿ ತಾತ ಇಲ್ಲೇ, ನಾನೇ ಬೀಸಣಿಗೆ ಬೀಸ್ತೀನಿ."

ಬೀಸಿದಳು ಕೂಡ. ಎಲ್ಲರ ಊಟ ಮುಗಿದು ಕೊನೆಯ ವ್ಯಾನು ಹೊರಡುವವರೆಗೆ ಅಲ್ಲಿಂದ ಏಳಲಿಲ್ಲ. ಅವಳ ಎಲೆಯನ್ನು ಹೊಸ ಸೊಸೆ ಮಾಲಾ ಮೆಟ್ಟಿಲಿಗೇ ತಂದುಕೊಟ್ಟಳು.

ಆ ದಿನ ಮೋಲ್ಡು ಬೀಳಲಿಲ್ಲ. ಮಾರನೆಯ ದಿನವೂ ಬೀಳಲಿಲ್ಲ. ಊರಿನ ಬಾಯಿ ಗೊತ್ತಲ್ಲ, "ಎಲ್ಲಿ ಬಿತ್ತಮ್ಮ, ಇನ್ನೂ ನಿಂತೈತಲ್ಲ ನಿಮ್ಮನೆ ಮೋಲ್ಡು?" ಎಂದು ಬಸ್‌ಸ್ಟಾಪಿನಲ್ಲಿ ಕೇಳುವವರು ಕೇಳುತ್ತಲೇ ಇದ್ದರು. ತನುಜ ತಲೆ ಕೆಡಿಸಿಕೊಳ್ಳಲಿಲ್ಲ. "ಮೇಲೆ ಯಾರೂ ಹತ್ತಿಲ್ಲ, ಅದಕ್ಕೆ ನಿಂತೈತೆ," ಎಂದು ಬಸ್ಸು ಹತ್ತುತ್ತಿದ್ದಳು. ಸುಗ್ಗಿ ಕಳೆದ ಮೇಲೆ ನಲ್ಲಪ್ಪನೇ ಅದನ್ನು ಕೆಡವಿದ. ಹಾರೆ ಹಾಕುವ ಮೊದಲೇ ಅರ್ಧ ತಾನಾಗಿ ಕೆಳಗೆ ಕೂತಿತು. ಹೊಸ ಮೋಲ್ಡು ಹಾಕುವಾಗ ಗಂಗುಲಪ್ಪ ನೀರಿನ ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಆ ನೀರಿನಲ್ಲಿ ಕೈ ತೊಳೆಯಲೂ ಯಾರನ್ನೂ ಬಿಡಲಿಲ್ಲ.

ಈಗ ತನುಜ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಭಾನುವಾರ ಬಂತೆಂದರೆ ಗೌರಿಬಿದನೂರಿನವರೆಗೂ ಹೋಗಿ ಊರೂರಿನ ಹುಳದ ಮನೆಗಳ ಸೂರು ನೋಡುತ್ತಾಳೆ. ತನ್ನ ಅಪ್ಪನ ಹಾಗೆ ಡ್ರಮ್ಮಿಗೆ ಸುರಿದವರು ಇನ್ನೂ ಇದ್ದಾರಂತೆ, ಕೇಳಿದರೆ ಒಪ್ಪಿಕೊಳ್ಳುವುದಿಲ್ಲವಂತೆ. ಕೆಲವರು ನಾಯಿ ಬಿಡುತ್ತಾರೆ. ಇವಳು ನಾಯಿಗೆ ಬಿಸ್ಕತ್ತು ಹಾಕಿ ಒಳಗೆ ಹೋಗುತ್ತಾಳೆ.

ನೀನು ಎದ್ದೆಯಾ? ಎದ್ದಿದ್ದೇ ಒಳ್ಳೆಯದಾಯಿತು, ಒಂದು ಕೆಲಸ ಮಾಡು. ಕೆಳಗಿನ ಬೀದಿಯ ಅಮ್ಮಾಜಮ್ಮನ ಮನೆಯಲ್ಲಿ ನಾಳೆ ಮೊಮ್ಮಗುವಿನ ನಾಮಕರಣ, ಜನರನ್ನು ಹುಳದ ಮನೆಯ ಮೇಲೆ ಕೂರಿಸುತ್ತಾರಂತೆ. ಶಾಮಿಯಾನದ ಗಾಡಿ ಈಗಷ್ಟೇ ಆ ಕಡೆ ಹೋಯಿತು. ನೀನು ಹೋಗಿ ಮಗು ನೋಡುವ ನೆಪದಲ್ಲಿ ಹುಳದ ಮನೆಯೊಳಗೆ ನುಗ್ಗಿ ಕತ್ತೆತ್ತಿ ನೋಡು. ಗೆರೆಗಳು ಅಡ್ಡಾದಿಡ್ಡಿ ಇದ್ದರೂ ಬಂದು ಹೇಳು. ದಾರ ಹಿಡಿದ ಹಾಗೆ ಸಾಲಾಗಿದ್ದರೆ ಮಾತ್ರ ಅಲ್ಲಿಂದಲೇ ತನುಜಳಿಗೆ ಫೋನು ಮಾಡು, ಅವಳು ಬರುವವರೆಗೂ ಆ ಶಾಮಿಯಾನದವನನ್ನು ಮೆಟ್ಟಿಲು ಹತ್ತಲು ಬಿಡಬೇಡ. ಅಮ್ಮಾಜಮ್ಮ ಬೈದರೆ ಬೈಸಿಕೋ. ಹೊರಡು, ಕಾಫಿ ಬಂದ ಮೇಲೆ ಕುಡಿಯುವೆಯಂತೆ.